ಅಜ್ಜಿಗೆ ಓದಲಿಕ್ಕೆ ಬರುವ ಭಾಷೆಯಲ್ಲಿ ಶಾಲೆಯ ನೋಟಿಸು ಕಳಿಸಿ

ಮಾನ್ಯ ಸಂಪಾದಕರೇ,

ನನ್ನ ಮಗಳು ಬಂಟ್ವಾಳ ತಾಲೂಕಿನ ಒಂದು ಕಾನ್ವೆಂಟ್ ಶಾಲೆಯಲ್ಲಿ ಓದುತ್ತಾಳೆ. ಶಾಲೆಯ ಹೆಸರು ಬೇಡ. ನಾನು ಬರೆಯಲಿಕ್ಕೆ ಹೊರಟದ್ದು ಆ ಒಂದು ಶಾಲೆಯ ವಿಷಯ ಮಾತ್ರ ಅಲ್ಲ, ಮತ್ತೆ ಅಲ್ಲಿನ ಟೀಚರುಗಳ ಮೇಲೆ, ಸಿಸ್ಟರುಗಳ ಮೇಲೆ ನನಗೆ ಸಿಟ್ಟೂ ಇಲ್ಲ. ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಶಾಲೆಯಿಂದ ಮನೆಗೆ ಬರುವ ಸೂಚನೆಗಳಿವೆಯಲ್ಲ, ಅದರ ಬಗ್ಗೆ ಯಾರಾದರೂ ಒಮ್ಮೆ ಹೇಳಬೇಕಿತ್ತು.

ಕಳೆದ ಸೆಪ್ಟೆಂಬರಿನ ಕಥೆ ಕೇಳಿ. ನಾನು ಸಹಕಾರಿ ಸೊಸೈಟಿಯಲ್ಲಿ ಕೆಲಸ ಮಾಡುವವಳು. ಸೆಪ್ಟೆಂಬರ್ ಅಂದರೆ ನಮಗೆ ಮಹಾಸಭೆಯ ಗಡಿಬಿಡಿ, ಮನೆಗೆ ಬಂದು ಊಟ ಮಾಡಿ ಮಲಗಿದರೆ ಸಾಕು ಅನ್ನಿಸುವ ದಿನಗಳು. ಗಂಡ ಮಸ್ಕತ್‌ನಲ್ಲಿ. ಮಗಳನ್ನು ಬೆಳಿಗ್ಗೆ ಹೊರಡಿಸುವುದು, ಸಂಜೆ ವ್ಯಾನಿನಿಂದ ಇಳಿಸಿಕೊಳ್ಳುವುದು, ಡೈರಿ ತೆಗೆದು ನೋಡುವುದು ಎಲ್ಲ ಅತ್ತೆ. ಅವರಿಗೆ ಅಂತಲೇ ಇವರು ತಮ್ಮ ಹಳೇ ಟಚ್ ಫೋನ್ ಕೊಟ್ಟು, ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೂ ಸೇರಿಸಿ ಹೋಗಿದ್ದಾರೆ.

ಆ ದಿನ ಸಂಜೆ ನಾಲ್ಕು ಗಂಟೆಗೇ ಮೆಸೇಜು ಬಂದಿತ್ತು. ಅತ್ತೆ ನೋಡಿದ್ದಾರೆ. ಕನ್ನಡಕ ಒರೆಸಿಕೊಂಡು ನೋಡಿದ್ದಾರೆ. ‘ಡಿಯರ್ ಪೇರೆಂಟ್ಸ್, ಆನ್ ಅಕೌಂಟ್ ಆಫ್ ನೊವೀನಾ’ ಅಂತ ಶುರುವಾಗಿ ‘ಕೈಂಡ್ಲಿ ಡೂ ದ ನೀಡ್‌ಫುಲ್’ ಅಂತ ಮುಗಿಯುವ ಮೂರು ಸಾಲು, ಎಲ್ಲ ಇಂಗ್ಲಿಷ್. ನೋಡಿ ಫೋನನ್ನು ಫ್ರಿಜ್ಜಿನ ಮೇಲೆ ಇಟ್ಟಿದ್ದಾರೆ. ನಾನು ಓದಿದ್ದು ಮರುದಿನ ಬೆಳಿಗ್ಗೆ, ಬಸ್ಸಿನಲ್ಲಿ ಸೀಟು ಸಿಕ್ಕಿದ ಮೇಲೆ. ಎರಡನೇ ಕ್ಲಾಸಿನ ಮಕ್ಕಳು ಇವತ್ತು ಹೂ ತರಬೇಕಂತೆ!

ಫೋನ್ ಮಾಡಿದೆ. ವ್ಯಾನು ಬರಲಿಕ್ಕೆ ಹತ್ತು ನಿಮಿಷ ಇತ್ತು. ಹಿಂದಿನ ರಾತ್ರಿಯ ಮಳೆಗೆ ದಾಸವಾಳ ಎಲ್ಲ ಬಾಗಿ ಕೆಸರಾಗಿತ್ತು, ಗೊರಟೆ ಇನ್ನೂ ಮೊಗ್ಗು. ಅತ್ತೆ ಛತ್ರಿ ಹಿಡಿದುಕೊಂಡು ಹಟ್ಟಿಯ ಹಿಂದಿನ ಚಪ್ಪರಕ್ಕೆ ಹೋಗಿ ಕುಂಬಳದ ಹೂ ಕೊಯ್ದು ತಂದಿದ್ದಾರೆ, ಆರೋ ಏಳೋ. ಅದನ್ನು ಟಿಫಿನ್ ಬಾಕ್ಸಿನ ಮುಚ್ಚಳದಲ್ಲಿ ಇಟ್ಟು ಮೇಲೆ ಬಾಳೆಯ ಎಲೆ ಮುಚ್ಚಿ ಕಳಿಸಿದ್ದಾರೆ. ಸಂಜೆ ಮಗಳು ಬಂದವಳೇ, ‘ಎಲ್ಲರದ್ದೂ ಬುಟ್ಟಿಯಲ್ಲಿತ್ತು, ನನ್ನದು ಮಾತ್ರ ಮುಚ್ಚಳದಲ್ಲಿ’ ಅಂತ ಹೇಳಿ ಮುಖ ತಿರುಗಿಸಿ ಕೂತಳು. ಹೂವಿನ ಬಗ್ಗೆ ಅವಳಿಗೇನೂ ಬೇಸರ ಇರಲಿಲ್ಲ, ಎಲ್ಲರಿಗಿಂತ ದೊಡ್ಡ ಹೂ ಅವಳದ್ದೇ ಅಲ್ವಾ. ನಾನು ಅತ್ತೆಯ ಹತ್ತಿರ, ಛೆ, ಏಳು ಕುಂಬಳಕಾಯಿ ಹೋಯ್ತಲ್ಲ ಅಂದೆ. ‘ಎಂತದ್ದು ಹೋಗುವುದು? ಗಂಡು ಹೂ ಮಾತ್ರ ಕೊಯ್ದದ್ದು ನಾನು. ನಿನಗೆ ಇಂಗ್ಲಿಷ್ ಬರ್ತದೆ, ಇದು ಬರುವುದಿಲ್ಲ’ ಅಂದರು.

ಅತ್ತೆಗೆ ಓದಲಿಕ್ಕೆ ಬರುವುದಿಲ್ಲ ಅಂದುಕೊಳ್ಳಬೇಡಿ. ನಿಮ್ಮ ಪತ್ರಿಕೆಯನ್ನು ಬೆಳಿಗ್ಗೆ ಹಿಡಿದರೆ ನಿಧನ ವಾರ್ತೆಯಿಂದ ಹಿಡಿದು ಅಡಿಕೆ ಧಾರಣೆಯವರೆಗೆ ಬಿಡದೆ ಓದುತ್ತಾರೆ, ಈ ಕಾಗದ ಅಚ್ಚಾದರೆ ಇದನ್ನೂ ಓದಿ ನನಗೆ ಬೈಯುತ್ತಾರೆ. ಎಪ್ಪತ್ತೊಂದು ವರ್ಷದ ಆ ಹೆಂಗಸು ಊರಿನ ಸುದ್ದಿ ಎಲ್ಲ ಓದಬಲ್ಲರು, ಸ್ವಂತ ಮೊಮ್ಮಗಳ ಶಾಲೆಯಿಂದ ಬಂದ ಮೂರು ಸಾಲು ಮಾತ್ರ ಓದಲಿಕ್ಕಾಗುವುದಿಲ್ಲ. ಆ ಮೂರು ಸಾಲು ಕನ್ನಡದಲ್ಲಿ ಇದ್ದಿದ್ದರೆ ಸಂಜೆ ನಾಲ್ಕಕ್ಕೇ ಕೆಲಸ ಮುಗಿಯುತ್ತಿತ್ತು, ನೆರೆಮನೆಯಿಂದ ಒಂದು ಬುಟ್ಟಿಯೂ ಬರುತ್ತಿತ್ತು.

ಅದೂ ಎಂಥ ವಿಷಯಕ್ಕೆ ನೋಡಿ. ಮೊಂತಿ ಹಬ್ಬ ನಮ್ಮ ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ? ಸೆಪ್ಟೆಂಬರ್ 8ಕ್ಕೆ ಮರಿಯಮ್ಮನವರ ಹುಟ್ಟಿದ ಹಬ್ಬ, ಅದಕ್ಕೆ ಮೊದಲು ಆಗಸ್ಟ್ 30ರಿಂದ ಒಂಬತ್ತು ದಿನ ಪ್ರಾರ್ಥನೆ (ನೊವೀನಾ ಅಂದರೆ ಇದೇ), ಮಕ್ಕಳು ಹೂ ತಂದು ಮರಿಯಮ್ಮನ ಮೂರ್ತಿಗೆ ಹಾಕುವುದು, ಹಬ್ಬದ ದಿನ ಆಶೀರ್ವಾದ ಮಾಡಿದ ತೆನೆಯನ್ನು ಮನೆ ಮನೆಗೆ ಕೊಡುವುದು, ಮಕ್ಕಳ ಕೈಗೆ ಕಬ್ಬು, ಮಧ್ಯಾಹ್ನ ಬಾಳೆ ಎಲೆಯಲ್ಲಿ ಹೊಸ ಅಕ್ಕಿಯ ಊಟ, ಆ ದಿನ ಮೀನು ಮಾಂಸ ಇಲ್ಲ. 1763ರಲ್ಲಿ ಫರಂಗಿಪೇಟೆಯ ಮೊಂತೆ ಮಾರಿಯಾನೊ ಗುಡ್ಡದಲ್ಲಿ ಫಾದರ್ ಜೋಕಿಂ ಮಿರಾಂದಾ ಶುರು ಮಾಡಿದ್ದು ಎಂಬ ಮಾತುಂಟು. ನಮ್ಮ ಮನೆಗಳಲ್ಲೂ ಕದಿರು ಕಟ್ಟುವುದು, ಹೊಸಕ್ಕಿ ಊಟ ಮಾಡುವುದು ಇದ್ದೇ ಇದೆ. ‘ಮೊಂತಿ ಹಬ್ಬಕ್ಕೆ ಮಕ್ಕಳ ಕೈಯಲ್ಲಿ ಹೂ ಕಳಿಸಿ’ ಅಂತ ಒಂದು ಸಾಲು ಬರೆದಿದ್ದರೆ ಅತ್ತೆಗೆ ಬೇರೆ ವಿವರಣೆ ಬೇಕಿರಲಿಲ್ಲ. ‘ಆನ್ ಅಕೌಂಟ್ ಆಫ್ ನೊವೀನಾ’ ಅಂದರೆ ನನಗೇ ಎರಡು ಸಲ ಓದಬೇಕಾಯಿತು.

ಶಾಲೆಯವರಿಗೆ ಕನ್ನಡ ಬರುವುದಿಲ್ಲವೋ ಅಂದರೆ ಹಾಗೂ ಇಲ್ಲ. ಅದೇ ಕಂಪೌಂಡಿನ ಒಳಗೆ ಅದೇ ಸಂಸ್ಥೆಯ ಹಳೇ ಅನುದಾನಿತ ಕನ್ನಡ ಮಾಧ್ಯಮ ಶಾಲೆ ಉಂಟು, ಹಂಚಿನ ಮಾಡು, ಎದುರಿಗೆ ಒಂದು ಹಲಸಿನ ಮರ. ಮಕ್ಕಳು ವರ್ಷ ವರ್ಷ ಕಡಿಮೆ. ಅದರ ಜಗಲಿಯಲ್ಲಿ ಒಂದು ಕರಿಹಲಗೆ ನೇತು ಹಾಕಿದ್ದಾರೆ. ಮೀಟಿಂಗಿಗೆ ಹೋದಾಗೆಲ್ಲ ನಾನು ಅದನ್ನು ಓದದೆ ಬರುವುದಿಲ್ಲ. ಕಳೆದ ಸಲ ಅದರಲ್ಲಿ ಇದ್ದದ್ದು: ‘ಮೊಟ್ಟೆ ತಿನ್ನದ ಮಕ್ಕಳ ಹೆಸರನ್ನು ಶುಕ್ರವಾರದೊಳಗೆ ತಿಳಿಸಿ. ಅವರಿಗೆ ಬಾಳೆಹಣ್ಣು ಕೊಡಲಾಗುವುದು. ಬಿಸಿಯೂಟದ ಬಟ್ಟಲಿಗೆ ಹೆಸರು ಬರೆಸಿ. ಉಗುರು ಕತ್ತರಿಸಿ ಕಳಿಸಿ.’ ಗುಂಡು ಗುಂಡು ಅಕ್ಷರ, ಒಂದು ತಪ್ಪಿಲ್ಲ. ಬರೆದವರು ಯಾರು ಅಂತ ಕೇಳಿದೆ. ಒಬ್ಬರು ಸಿಸ್ಟರ್. ನಮ್ಮ ಇಂಗ್ಲಿಷ್ ಮಾಧ್ಯಮದ ಗುಂಪಿಗೆ ‘ಕೈಂಡ್ಲಿ ಡೂ ದ ನೀಡ್‌ಫುಲ್’ ಕಳಿಸುವವರೂ ಅವರೇ!

ಇದರಲ್ಲಿ ನಮ್ಮ ತಪ್ಪೂ ಉಂಟು, ಒಪ್ಪಿಕೊಳ್ಳುತ್ತೇನೆ. ಇಂಗ್ಲಿಷ್ ಮಾಧ್ಯಮ ಬೇಕು ಅಂತ ಫಾರ್ಮಿಗೆ ಕ್ಯೂ ನಿಂತದ್ದು ನಾವೇ. ಶಾಲೆಯಿಂದ ಕನ್ನಡದಲ್ಲಿ ಚೀಟಿ ಬಂದರೆ ‘ಇದೆಂತ ಶಾಲೆ ಮಾರಾಯ್ರೆ’ ಅನ್ನುವ ತಂದೆ ತಾಯಂದಿರೂ ಇದ್ದಾರೆ, ಟೀಚರುಗಳಿಗೆ ಅದರ ಹೆದರಿಕೆ. ಆದರೆ ಇಂಗ್ಲಿಷ್ ಕಲಿಯಲಿಕ್ಕೆ ಸೇರಿಸಿದ್ದು ಮಗಳನ್ನು, ಅಜ್ಜಿಯನ್ನಲ್ಲ.

ನಮ್ಮ ನೆರೆಮನೆಯ ಬಾಯಮ್ಮನ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಅದೇ ಚರ್ಚಿನವರು, ಅತ್ತೆಗಿಂತ ನಾಲ್ಕು ವರ್ಷ ದೊಡ್ಡವರು. ನಗಾಡಿಬಿಟ್ಟರು. ಅವರು ಸಣ್ಣವರಿರುವಾಗ ಚರ್ಚಿನಲ್ಲಿ ಪೂಜೆ ಲ್ಯಾಟಿನ್‌ನಲ್ಲಂತೆ. ಪಾದ್ರಿಗಳು ಅತ್ತ ಮುಖ ಮಾಡಿ ಹೇಳಿಕೊಂಡು ಹೋಗುವುದು, ಇವರೆಲ್ಲ ಇತ್ತ ಜಪಮಾಲೆ ಹಿಡಿದುಕೊಂಡು ತಮ್ಮ ಪಾಡಿಗೆ ತಾವು ಪ್ರಾರ್ಥನೆ ಮಾಡುವುದು, ಗಂಟೆ ಹೊಡೆದಾಗ ತಲೆ ಬಗ್ಗಿಸುವುದು. 1962ರಿಂದ 1965ರವರೆಗೆ ರೋಮಿನಲ್ಲಿ ದೊಡ್ಡ ಸಭೆ ನಡೆಯಿತಲ್ಲ, ಎರಡನೇ ವ್ಯಾಟಿಕನ್ ಮಹಾಸಭೆ, ಅದರ ನಂತರ ಪೂಜೆ ಜನರ ಭಾಷೆಗೆ ಬಂತು, ಇಲ್ಲಿ ಕೊಂಕಣಿಗೆ, ಘಟ್ಟದ ಮೇಲೆ ಎಷ್ಟೋ ಕಡೆ ಕನ್ನಡಕ್ಕೆ. ‘ದೇವರೇ ಲ್ಯಾಟಿನ್ ಬಿಟ್ಟು ನಮ್ಮ ಭಾಷೆಗೆ ಇಳಿದಾಯ್ತು, ಹೆಡ್‌ಮಿಸ್ ಮಾತ್ರ ಇಳಿಯಲಿಲ್ಲ’ ಅಂದರು ಬಾಯಮ್ಮ. ಇದು ಅವರ ಮಾತು, ನಾನು ಹೇಳಿದ್ದಲ್ಲ, ಆಯ್ತಾ.

ಅವರ ಮನೆಯ ಮೇಜಿನ ಮೇಲೆ ರಾಕ್ಣೊ ವಾರಪತ್ರಿಕೆ ಇರುತ್ತದೆ. 1938ರಲ್ಲಿ ಶುರುವಾದ ಕೊಂಕಣಿ ಪತ್ರಿಕೆ, ಅಚ್ಚಾಗುವುದು ಕನ್ನಡ ಲಿಪಿಯಲ್ಲಿ. ಕನ್ನಡದಲ್ಲೂ ಕ್ಯಾಥೊಲಿಕರು ಎಷ್ಟು ಒಳ್ಳೊಳ್ಳೆಯ ಶಬ್ದ ಮಾಡಿಕೊಂಡಿದ್ದಾರೆ, ಬಲಿಪೂಜೆ, ಜಪಸರ, ಧರ್ಮಗುರು, ಪರಮಪ್ರಸಾದ, ವಿಭೂತಿ ಬುಧವಾರ. ಕಳೆದ ವರ್ಷ ವಿಭೂತಿ ಬುಧವಾರದ ದಿನ ಕ್ಲಾಸಿನ ಕೆಲವು ಮಕ್ಕಳು ಹಣೆಗೆ ಬೂದಿ ಹಚ್ಚಿಕೊಂಡು ಬಂದದ್ದನ್ನು ನೋಡಿ ಮಗಳು ತನಗೂ ಬೇಕು ಅಂತ ಹಟ ಮಾಡಿದಳು. ಗುಂಪಿನಲ್ಲಿ ‘ಆ್ಯಶ್ ವೆನ್ಸ್‌ಡೇ ಸರ್ವಿಸ್ ಫಾರ್ ಕ್ಯಾಥೊಲಿಕ್ ಚಿಲ್ಡ್ರನ್’ ಅಂತ ಬಂದಿತ್ತಂತೆ. ಹೆಸರನ್ನು ಕನ್ನಡದಲ್ಲಿ ಹೇಳಿದ ಕೂಡಲೇ ಅತ್ತೆ, ‘ಓ, ವಿಭೂತಿಯಾ, ಉಪವಾಸ ಶುರುವಾಗುವ ದಿನ ಅಲ್ವಾ, ಬಾಯಮ್ಮ ಮೀನು ತರುವುದಿಲ್ಲ ಅಂದಿದ್ದರು’ ಅಂದು ಮಗಳಿಗೆ ತಾವೇ ತಿಳಿಸಿ ಹೇಳಿದರು. ಬೇರೆಯವರ ಹಬ್ಬ ಮಕ್ಕಳಿಗೆ ಗೊತ್ತಾಗಬೇಕಾದ್ದು ಹೀಗೆ ತಾನೇ?

ಮಿಷನ್ ಅಂದರೆ ಇಂಗ್ಲಿಷ್ ಅಂತ ಯಾಕೆ ಆಯಿತೋ ತಿಳಿಯದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ನಮ್ಮ ಮಂಗಳೂರಿನಿಂದಲೇ, ಹೊರಡಿಸಿದವರು ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್. ಅವರು ಕ್ಯಾಥೊಲಿಕರಲ್ಲ, ಪ್ರೊಟೆಸ್ಟೆಂಟರು, ಆ ಮಾತು ಬೇರೆ. ಊರಿಗೆ ಸುದ್ದಿ ಮುಟ್ಟಬೇಕಾದರೆ ಊರಿನ ಭಾಷೆಯಲ್ಲಿ ಬರೆಯಬೇಕು ಅಂತ ಪರದೇಶದಿಂದ ಬಂದವರಿಗೆ ಆಗಲೇ ಗೊತ್ತಿತ್ತು.

ಇನ್ನು ಮಳೆ ರಜೆ. ಜೂನ್, ಜುಲೈ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಎಲ್ಲರ ಕಣ್ಣು ಜಿಲ್ಲಾಧಿಕಾರಿಗಳ ಆದೇಶದ ಮೇಲೆ. ಆ ಆದೇಶ ಕನ್ನಡದಲ್ಲಿ ಇರುತ್ತದೆ, ಅತ್ತೆಯೇ ಓದಿ ನನಗೆ ಹೇಳುತ್ತಾರೆ. ಅದರ ನಡುವೆ ಕಳೆದ ವರ್ಷದ ಆದೇಶಕ್ಕೆ ತಾರೀಕು ತಿದ್ದಿ ಬಿಡುವ ಕಿಡಿಗೇಡಿಗಳೂ ಇರುತ್ತಾರೆ, ಹಾಗಾಗಿ ಶಾಲೆಯೇ ಒಂದು ಮಾತು ಹೇಳಿದರೆ ಧೈರ್ಯ. ಆದರೆ ನಮ್ಮ ಗುಂಪಿನಲ್ಲಿ ಅದು ಬರುವುದು ಎಲ್ಲಕ್ಕಿಂತ ಕೊನೆಗೆ, ಒಮ್ಮೆಯಂತೂ ಮಗು ರೈನ್‌ಕೋಟ್ ಹಾಕಿ ವ್ಯಾನ್ ಹತ್ತಿದ ಮೇಲೆ. ಗುಂಪಿನಲ್ಲಿ ತಿರುಗಿ ಕೇಳುವ ಹಾಗೂ ಇಲ್ಲ, ಅಡ್ಮಿನ್‌ಗಳು ಮಾತ್ರ ಬರೆಯಬಹುದು, ನಾವು ಹೆಬ್ಬೆಟ್ಟು ಒತ್ತಬಹುದು ಅಷ್ಟೇ. ಹಿಂದೆ ಓದಲಿಕ್ಕೆ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು, ಈಗ ಓದಿದವರೂ ಅದನ್ನೇ ಮಾಡುವುದು.

ರಜೆಯದ್ದೇ ಇನ್ನೊಂದು. ಮಿಷನ್ ಶಾಲೆಗಳು ದಸರಾ ರಜೆಯಲ್ಲಿ ಸ್ವಲ್ಪ ಕಡಿಮೆ ಮಾಡಿ ಕ್ರಿಸ್‌ಮಸ್‌ಗೆ ಇಟ್ಟುಕೊಳ್ಳುವುದುಂಟು. ಅದಕ್ಕೆ ನನ್ನ ತಕರಾರಿಲ್ಲ, ಅವರ ದೊಡ್ಡ ಹಬ್ಬ ಅದು. ಆದರೆ ನಾದಿನಿಯ ಮಕ್ಕಳು ಸರಕಾರಿ ಶಾಲೆ, ನನ್ನವಳು ಇಲ್ಲಿ. ದಸರೆಗೆ ಮಕ್ಕಳನ್ನು ಸೇರಿಸಿ ಎಲ್ಲಿಗಾದರೂ ಕರೆದುಕೊಂಡು ಹೋಗುವ ಅಂದರೆ ಎರಡು ಕಡೆಯ ತಾರೀಕು ಕೂಡಿ ಬರಬೇಕು. ಜೂನಿನಲ್ಲೇ ಒಂದು ಹಾಳೆಯಲ್ಲಿ ಇಡೀ ವರ್ಷದ ರಜೆ ಕೊಟ್ಟುಬಿಟ್ಟರೆ ನಾವು ಬಾಗಿಲ ಹಿಂದೆ ಅಂಟಿಸಿಕೊಳ್ಳುತ್ತೇವೆ.

ಕೆಲವು ಸೂಚನೆ ಸುಮ್ನೆ ಹೂವಿನ ಹಾಗೆ ಬಿಟ್ಟುಬಿಡುವಂಥದ್ದೂ ಅಲ್ಲ. ‘ಅಪಾರ್’ ಐಡಿಗೆ, ಅಂದರೆ ಕೇಂದ್ರ ಸರಕಾರ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆಗೆ, ಒಪ್ಪಿಗೆ ಪತ್ರ ಅಂತ ಒಂದು ಬಂತು. ಮಗುವಿನ ಆಧಾರ್ ಬಳಸಲಿಕ್ಕೆ ಪೋಷಕರು ಸಹಿ ಹಾಕಬೇಕಾದ ಕಾಗದ. ಅದೂ ಇಂಗ್ಲಿಷ್, ಅದೂ ನಾಳೆಯೇ ಬೇಕು. ಗೇಟಿನ ಹತ್ತಿರ ನಾಲ್ಕೈದು ಜನ ಅಮ್ಮಂದಿರು ಕಂಪೌಂಡಿನ ಗೋಡೆಗೆ ಒತ್ತಿ ಹಿಡಿದು ಸಹಿ ಮಾಡಿದ್ದನ್ನು ನಾನೇ ನೋಡಿದ್ದೇನೆ. ಒಬ್ಬರೂ ಓದಲಿಲ್ಲ. ನಾನೂ ಅರ್ಧ ಓದಿ ಹಾಕಿದೆ, ಬಸ್ಸು ಬಂದಿತ್ತು. ಫೀಸಿನ ನೆನಪು ಮಾಡುವ ಮೆಸೇಜು ಮಾತ್ರ ಯಾವ ಭಾಷೆಯಲ್ಲಿ ಬಂದರೂ ಎಲ್ಲರಿಗೂ ಅರ್ಥವಾಗುತ್ತದೆ, ಅದನ್ನು ಬೇಕಾದರೆ ಲ್ಯಾಟಿನ್‌ನಲ್ಲೇ ಕಳಿಸಲಿ.

ನಾನು ಕೇಳುವುದು ದೊಡ್ಡದೇನಲ್ಲ. ಮೇಲೆ ಕನ್ನಡ, ಕೆಳಗೆ ಬೇಕಿದ್ದರೆ ಇಂಗ್ಲಿಷ್. ಕೊಂಡು ತರಬೇಕಾದ್ದು ಏನಾದರೂ ಇದ್ದರೆ, ಚಾರ್ಟು, ಬಣ್ಣ, ವೇಷದ ಬಟ್ಟೆ, ಮೂರು ದಿನ ಮೊದಲು ಹೇಳಿ, ರಾತ್ರಿ ಒಂಬತ್ತಕ್ಕೆ ಹಸಿರು ಚಾರ್ಟು ಕೊಡುವ ಅಂಗಡಿ ನಮ್ಮ ಪೇಟೆಯಲ್ಲಿ ಇಲ್ಲ. ಯಾವ ಮಕ್ಕಳಿಗೆ ಅನ್ನುವುದು ಮೊದಲ ಸಾಲಿನಲ್ಲೇ ಇರಲಿ. ಟೀಚರುಗಳಿಗೆ ಕೆಲಸ ಜಾಸ್ತಿ ಅಂತ ಗೊತ್ತು, ಎರಡೆರಡು ಭಾಷೆ ಬರೆಯುತ್ತಾ ಕೂರಲಿ ಅನ್ನುವುದಿಲ್ಲ. ವಾರಕ್ಕೊಮ್ಮೆ ಶುಕ್ರವಾರ ಕನ್ನಡದಲ್ಲಿ ಒಂದೇ ಚೀಟಿ ಬರೆದು, ಜೆರಾಕ್ಸ್ ತೆಗೆದು ಡೈರಿಗೆ ಅಂಟಿಸಿದರೆ ಫೋನ್ ಇಲ್ಲದ ಮನೆಗೂ ಮುಟ್ಟುತ್ತದೆ. ಇಲ್ಲವಾದರೆ ಆ ಸಿಸ್ಟರ್ ಬರೆಯುವ ಕರಿಹಲಗೆಯ ಹಾಗೆ ಇನ್ನೊಂದನ್ನು ನಮ್ಮ ಗೇಟಿಗೂ ಹಾಕಿ, ವ್ಯಾನಿನವರು ಫೋಟೋ ತೆಗೆದು ಕಳಿಸುತ್ತಾರೆ.

ಇದನ್ನು ಶಾಲೆಗೇ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಪೋಷಕರ ಮೀಟಿಂಗಿನಲ್ಲಿ ಹೇಳಿದೆ. ‘ಶ್ಯೂರ್, ವಿ ವಿಲ್ ಕನ್ಸಿಡರ್’ ಅಂದರು. ಸ್ಟಾಫ್ ರೂಮಿಗೆ ನಿಮ್ಮ ಪತ್ರಿಕೆ ದಿನಾ ಬರುತ್ತದೆ, ಅದಕ್ಕೆ ನಿಮಗೆ ಬರೆದೆ.

ಆಗಸ್ಟ್ 30 ಹತ್ತಿರ ಬಂತು. ಅತ್ತೆ ಈ ಸಲ ಕುಂಬಳದ ಚಪ್ಪರದ ಪಕ್ಕದಲ್ಲೇ ಗೊರಟೆ, ಕೇಪಳ ನೆಟ್ಟಿದ್ದಾರೆ, ಬಾಯಮ್ಮನ ಹತ್ತಿರ ಒಂದು ಬೆತ್ತದ ಬುಟ್ಟಿಯನ್ನೂ ಕೇಳಿ ತಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಲಿಕ್ಕೆ ಇಟ್ಟಿದ್ದಾರೆ. ಮಗಳು ಈಗ ಮೂರನೇ ಕ್ಲಾಸು. ಮೂರನೇ ಕ್ಲಾಸಿನವರ ಸರದಿ ಯಾವ ದಿನ ಅಂತ ಒಂದು ಸಾಲು ಕನ್ನಡದಲ್ಲಿ ತಿಳಿಸಿದರೆ ಸಾಕು.

— ಒಬ್ಬ ತಾಯಿ, ಬಂಟ್ವಾಳ ತಾಲೂಕು