ಮಗಳಿಗೊಂದು ಪತ್ರ: ಡಬ್ಬಿ ಯಾರು ತೊಳೆಯಬೇಕು?

ಮುಲುಂಡ್, ಮುಂಬಯಿ

ಪ್ರೀತಿಯ ಮಗಳೇ,

ಮಕ್ಕಳ ಕೈಯಲ್ಲಿ ಮನೆಗೆಲಸ ಮಾಡಿಸಿದರೆ ದೊಡ್ಡವರಾದ ಮೇಲೆ ಸುಖವಾಗಿರುತ್ತಾರೆ, ಹಾರ್ವರ್ಡ್‌ನವರೇ ಹೇಳಿದ್ದಾರೆ ಎಂಬ ಮೆಸೇಜು ಕಳಿಸಿ, "ನಿಜವಾ ಅಮ್ಮ?" ಅಂತ ಕೇಳಿದ್ದೀ. ಮುಕ್ಕಾಲು ನಿಜ. ಉಳಿದ ಕಾಲುಭಾಗ ತಿಳಿಯದೆ ಹೊರಟರೆ ಮಕ್ಕಳಿಗೂ ಕಿರಿಕಿರಿ, ನಿನಗೂ ಕಿರಿಕಿರಿ.

ಆ ಮೆಸೇಜಿನ ಬೇರು ಬಾಸ್ಟನ್ನಿನ ಬಡ ಕೇರಿಗಳ 456 ಹುಡುಗರ ಅಧ್ಯಯನದಲ್ಲಿದೆ. ಅವರನ್ನು ಹದಿಹರೆಯದಿಂದ ನಡುವಯಸ್ಸಿನವರೆಗೆ ಗಮನಿಸುತ್ತಾ ಬಂದಿದ್ದರು. ಹಾರ್ವರ್ಡ್‌ನ ಮನೋವೈದ್ಯ ಜಾರ್ಜ್ ವೇಲಂಟ್ 1981ರಲ್ಲಿ ಅದನ್ನು ಬರೆದರು: ಚಿಕ್ಕಂದಿನಲ್ಲಿ ಕೆಲಸಕ್ಕೆ ಮೈಬಗ್ಗಿಸಿದವರು 47ನೇ ವಯಸ್ಸಿನ ಹೊತ್ತಿಗೆ ಮಾನಸಿಕ ಆರೋಗ್ಯದಲ್ಲೂ ಸಂಬಂಧಗಳಲ್ಲೂ ಗಟ್ಟಿಯಾಗಿದ್ದರು. ಆದರೆ ಅಲ್ಲಿ ಕೆಲಸ ಅಂದರೆ ಬರೀ ಪಾತ್ರೆ ತೊಳೆಯುವುದಲ್ಲ. ಮನೆಗೆಲಸ, ಹೊರಗಿನ ಪುಡಿ ಸಂಪಾದನೆ, ಓದಿಗೆ ಹಾಕಿದ ಶ್ರಮ, ಆಟೋಟದಲ್ಲಿ ಸೇರುವುದು ಎಲ್ಲವನ್ನೂ ಒಟ್ಟು ಹಾಕಿ ಅಂಕ ಕೊಟ್ಟಿದ್ದರು. ಒಬ್ಬಳೂ ಹುಡುಗಿ ಇರಲಿಲ್ಲ ಅನ್ನುವುದನ್ನೂ ನೆನಪಿಡು.

ನಿನಗೆ ಹೆಚ್ಚು ಉಪಯೋಗಕ್ಕೆ ಬರುವುದು ಇನ್ನೆರಡು ಅಧ್ಯಯನ. ಮಿನೆಸೋಟಾ ವಿಶ್ವವಿದ್ಯಾಲಯದ ಮಾರ್ಟಿ ರಾಸ್ಮನ್ 2002ರಲ್ಲಿ 84 ಮಂದಿಯ ಬಾಲ್ಯದ ದಾಖಲೆಗಳನ್ನು ನೋಡಿ ಹೇಳಿದ್ದು, ಮೂರು ನಾಲ್ಕು ವರ್ಷಕ್ಕೇ ಕೆಲಸಕ್ಕೆ ಕೈ ಹಚ್ಚಿದವರು ಇಪ್ಪತ್ತೈದರ ಆಸುಪಾಸಿನಲ್ಲಿ ಚೆನ್ನಾಗಿದ್ದರು. ಹದಿನೈದು ಹದಿನಾರಕ್ಕೆ ಶುರು ಮಾಡಿಸಿದರೆ ಅಷ್ಟು ಪ್ರಯೋಜನ ಕಾಣಲಿಲ್ಲ. 84 ಅಂದರೆ ಸಣ್ಣ ಲೆಕ್ಕ. ಆದರೆ 2019ರಲ್ಲಿ ಅಮೆರಿಕದ 9,971 ಮಕ್ಕಳ ಲೆಕ್ಕವೂ ಬಂತು. ಒಂದನೇ ತರಗತಿಗೆ ಮುಂಚೆಯೇ ಮನೆಗೆಲಸ ಮಾಡುತ್ತಿದ್ದ ಮಕ್ಕಳು ಮೂರನೇ ತರಗತಿಗೆ ಬಂದಾಗ "ನನ್ನಿಂದ ಆಗುತ್ತದೆ" ಎಂಬ ಧೈರ್ಯದಲ್ಲಿ, ಸ್ನೇಹಿತರೊಂದಿಗೆ ಹೊಂದಿಕೊಳ್ಳುವುದರಲ್ಲಿ ಮುಂದಿದ್ದರು. ಮಕ್ಕಳಿಗೆ ಕೆಲಸ ಹಚ್ಚುವ ಮನೆಗಳಲ್ಲಿ ಬೇರೆ ಒಳ್ಳೆಯದೂ ಇದ್ದೀತು. ಎಲ್ಲ ಪುಣ್ಯವೂ ಪೊರಕೆಯದೇ ಅನ್ನಲಾಗದು. ಆದರೂ ನಾಲ್ಕು ವರ್ಷದ ಪುಟ್ಟನನ್ನು "ನೀನಿನ್ನೂ ಸಣ್ಣವ, ಆ ಕಡೆ ಹೋಗು" ಅಂತ ಅಟ್ಟುವುದು ಸರಿಯಲ್ಲ ಅನ್ನುವಷ್ಟು ಇದರಿಂದ ತಿಳಿಯುತ್ತದೆ.

ಮಗುವಿಗೆ ಸಿಗಬೇಕಾದದ್ದು "ಅಮ್ಮನಿಗೆ ಸಹಾಯ" ಅಲ್ಲ, ತನ್ನದೇ ಒಂದು ಕೆಲಸ. ಚಮಚ ಕೊಡು, ನೀರು ತಾ, ಬಾಗಿಲು ಹಾಕು ಎಂದು ದಿನವಿಡೀ ಓಡಾಡಿಸಿದರೆ ಮಗು ಆಳಾಗುತ್ತದೆ, ಕೆಲಸಗಾರನಾಗುವುದಿಲ್ಲ. ಒಂದು ಕೆಲಸದ ತಲೆಬುಡ ಎರಡೂ ಅದರ ಕೈಯಲ್ಲಿರಬೇಕು. ಅದು ಮಾಡದಿದ್ದರೆ ಮನೆಯಲ್ಲಿ ಏನೋ ಒಂದು ನಿಲ್ಲಬೇಕು.

ಚಿನ್ನುವಿಗೆ ಒಂಬತ್ತು. ಅವಳಿಗೆ ಶಾಲೆಯ ಡಬ್ಬಿ ಕೊಡು. ತೊಳೆಯುವುದಷ್ಟೇ ಅಲ್ಲ, ಬ್ಯಾಗಿನಿಂದ ಹೊರಬರುವಲ್ಲಿಂದ ಮರುದಿನ ಬೆಳಿಗ್ಗೆ ಮುಚ್ಚಳ ಬೀಳುವವರೆಗೆ ಪೂರ್ತಿ ಅವಳದು. ಗಂಟೆ ನೋಡಿ ಹೇಳಬೇಡ, ಇನ್ನೊಂದು ಕೆಲಸದ ಬಾಲಕ್ಕೆ ಕಟ್ಟು: ಬೂಟು ಬಿಚ್ಚಿದ ಕೂಡಲೇ ಡಬ್ಬಿ ಹೊರಗೆ. ಉಳಿದ ಚಪಾತಿ, ಅನ್ನದ ಅಗುಳು ಸಿಂಕಿಗಲ್ಲ, ಹಸಿ ಕಸದ ಬುಟ್ಟಿಗೆ. ಆಮೇಲೆ ಮುಚ್ಚಳದ ಸಿಲಿಕೋನ್ ರಿಂಗು. ದೊಡ್ಡವರೂ ಇದನ್ನು ಬಿಚ್ಚದೆ ಮೇಲಿಂದಷ್ಟೇ ತೊಳೆದು, ಆಮೇಲೆ "ಡಬ್ಬಿ ಯಾಕೆ ನಾರುತ್ತದೆ" ಅಂತ ಸೋಪು ಬದಲಿಸುತ್ತಾರೆ. ಎಣ್ಣೆಯೂ ನೀರೂ ಕೂತು ಕಪ್ಪು ಬೂಷ್ಟು ಹಿಡಿಯುವುದು ರಿಂಗಿನ ಕೆಳಗಿನ ಸಂದಿಯಲ್ಲಿ.

ರಿಂಗನ್ನು ಉಗುರಿನಿಂದಲೋ ಚಾಕುವಿನಿಂದಲೋ ಮೀಟಿದರೆ ಹರಿಯುತ್ತದೆ. ಚಮಚದ ಹಿಡಿಯ ತುದಿಯನ್ನು ಒಂದು ಕಡೆ ತೂರಿಸಿ ಎತ್ತಿದರೆ ಉಳಿದದ್ದು ತಾನೇ ಬರುತ್ತದೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೋಪು ಹಾಕಿ ಹತ್ತು ನಿಮಿಷ ನೆನೆಸಿ, ಮೆತ್ತಗಾದ ಹಳೆಯ ಟೂತ್‌ಬ್ರಷ್‌ನಿಂದ ಆ ಸಂದಿ ಉಜ್ಜಬೇಕು. ರಾತ್ರಿ ಡಬ್ಬಿ ಬೇರೆ, ಮುಚ್ಚಳ ಬೇರೆ, ರಿಂಗು ಬೇರೆ ಒಣಗಲಿ. ಒದ್ದೆಯಲ್ಲೇ ಕೂರಿಸಿದರೆ ಉಜ್ಜಿದ್ದು ವ್ಯರ್ಥ. ಬೆಳಿಗ್ಗೆ ಕೂರಿಸುವಾಗ ಒಂದು ತುದಿಯಿಂದ ಒತ್ತುತ್ತಾ ಹೋದರೆ ಕೊನೆಯಲ್ಲಿ ರಿಂಗು ಮಿಕ್ಕಿ ಉಬ್ಬುತ್ತದೆ. ಮೊದಲು ಎದುರುಬದುರು ನಾಲ್ಕು ಕಡೆ ಒತ್ತಿ, ಆಮೇಲೆ ನಡುನಡುವೆ ಒತ್ತಿದರೆ ಸಮನಾಗಿ ಕೂರುತ್ತದೆ. ತಿರುಚಿ ಕೂತರೆ ಗಣಿತದ ಪುಸ್ತಕಕ್ಕೆ ಸಾಂಬಾರು. ರಿಂಗಿನ ಮೇಲಿನ ಅರಿಶಿನದ ಕಲೆಗೆ ಉಜ್ಜಿ ಸುಸ್ತಾಗುವುದು ಬೇಡ, ಬಿಸಿಲಿಗಿಟ್ಟರೆ ತಾನಾಗಿ ಮಾಸುತ್ತದೆ.

ಇಷ್ಟನ್ನು ಒಂದೇ ದಿನ ಹೇಳಬೇಡ. ರಜೆಯ ದಿನ ನೀನು ಮಾಡು, ಅವಳು ನೋಡಲಿ. ಮರುದಿನ ಇಬ್ಬರೂ ಮಾಡಿ. ಆಮೇಲೆ ಅವಳು ಮಾಡಲಿ, ನೀನು ಪಕ್ಕದಲ್ಲಿ ಬಾಯಿ ಮುಚ್ಚಿ ನಿಲ್ಲು. ಕಷ್ಟವಿರುವುದು ಇಲ್ಲೇ, ಮಾರಾಯ್ತಿ. ಅವಳಿಗಲ್ಲ, ನಿನಗೆ. ನೀನೇ ಮಾಡಿದರೆ ಐದು ನಿಮಿಷ, ಅವಳು ಮಾಡಿದರೆ ಹದಿನೈದು. ಮೊದಲ ಕೆಲವು ವಾರ ಅದು ಹಾಗೆಯೇ. ಜಿಡ್ಡು ಉಳಿದಿದ್ದರೆ ಅವಳೆದುರು ಕಸಿದು ತೊಳೆಯಬೇಡ, "ಮೂಲೆ ಮುಟ್ಟಿ ನೋಡು" ಅಂತ ವಾಪಸು ಕೊಡು. ಅವಳು ಮಲಗಿದ ಮೇಲೆ ಕದ್ದು ತೊಳೆಯುವುದು ಇನ್ನೂ ಕೆಟ್ಟದ್ದು; ಮಕ್ಕಳಿಗೆ ಗೊತ್ತಾಗಿಯೇ ಆಗುತ್ತದೆ.

ಶುಕ್ರವಾರ ಮರೆತ ಡಬ್ಬಿ ಸೋಮವಾರ ಬೆಳಿಗ್ಗೆ ಸಿಗುವುದು ಖಂಡಿತ. ಆಗ ಭಾಷಣ ಬೇಡ. ಊಟವನ್ನು ಬೇರೆ ಡಬ್ಬಿಯಲ್ಲಿ ಕಳಿಸು, ಉಪವಾಸದ ಶಿಕ್ಷೆ ಯಾವ ಕಾಲಕ್ಕೂ ಬೇಡ. ಆದರೆ ಆ ನಾತದ ಡಬ್ಬಿಯನ್ನು ಸಂಜೆ ಬಿಚ್ಚಬೇಕಾದವಳು ಅವಳೇ. ದಿನಾ ನೆನಪಿಸುವಾಗಲೂ "ಡಬ್ಬಿ?" ಎಂಬ ಒಂದು ಮಾತು ಸಾಕು. "ಎಷ್ಟು ಸಲ ಹೇಳಬೇಕು ನಿನಗೆ" ಅಂತ ಶುರುವಾದರೆ ಜಗಳ ನಿನ್ನ ಮೇಲೆ ತಿರುಗುತ್ತದೆ, ಡಬ್ಬಿ ಅಲ್ಲೇ ಉಳಿಯುತ್ತದೆ.

ಪುಟ್ಟನ ವಿಷಯ ಬೇರೆ. ಆ ವಯಸ್ಸಿಗೆ ಕಲಿಸಬೇಕಾದದ್ದು ಕಡಿಮೆ, ಕೆಡಿಸದೆ ಇರಬೇಕಾದದ್ದು ಹೆಚ್ಚು. ಹದಿನೆಂಟು ತಿಂಗಳ ಕೂಸು ಕೂಡ ಎದುರಿನವರ ಕೈಯಿಂದ ಬಿದ್ದದ್ದನ್ನು ಯಾರೂ ಕೇಳದೆ ಎತ್ತಿಕೊಡುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ವಾರ್ನೆಕೆನ್ ಮತ್ತು ಟೊಮಾಸೆಲ್ಲೊ 2006ರಲ್ಲಿ ತೋರಿಸಿದರು. 2008ರಲ್ಲಿ ಅವರೇ ಇಪ್ಪತ್ತು ತಿಂಗಳ ಮಕ್ಕಳಿಗೆ ಸಹಾಯ ಮಾಡಿದಾಗಲೆಲ್ಲ ಬಹುಮಾನ ಕೊಟ್ಟು ನೋಡಿದರು. ಕೊಡುವುದು ನಿಲ್ಲಿಸಿದ ಮೇಲೆ ಆ ಮಕ್ಕಳ ಸಹಾಯವೂ ಇಳಿಯಿತು; ಏನೂ ಸಿಗದಿದ್ದ ಮಕ್ಕಳು ಮೊದಲಿನಂತೆಯೇ ಮಾಡುತ್ತಿದ್ದರು. ಆದ್ದರಿಂದ ಫ್ರಿಜ್ಜಿನ ಮೇಲೆ ಅಂಟಿಸಿರುವ ಆ ಸ್ಟಾರ್ ಚಾರ್ಟ್ ಕಿತ್ತುಬಿಡು. ಕೈಖರ್ಚಿನ ದುಡ್ಡು ಕೊಡುವುದಿದ್ದರೆ ಕೊಡು, ಆದರೆ ಅದನ್ನು ಈ ಕೆಲಸಗಳಿಗೆ ಗಂಟು ಹಾಕಬೇಡ. ಹತ್ತು ರೂಪಾಯಿಗೆ ತಟ್ಟೆ ಎತ್ತುವ ಮಗು ಒಂದು ದಿನ "ನನಗೆ ಹತ್ತು ರೂಪಾಯಿ ಬೇಡ" ಅನ್ನುತ್ತದೆ. ಆಗ ಏನು ಮಾಡುತ್ತೀ?

ಅವನಿಗೆ ಸಾಕ್ಸ್ ಜೋಡಿಸುವುದು, ಕೈವಸ್ತ್ರ ನಾಲ್ಕು ಮಡಿಕೆ ಮಾಡುವುದು, ಊಟಕ್ಕೆ ಮುಂಚೆ ಎಲ್ಲರಿಗೂ ಲೋಟ ಇಡುವುದು. ಲೋಟ ಸ್ಟೀಲಿನದಾಗಿರಲಿ, ಅವನ ಕೈಗೆಟಕುವ ಕೆಳಗಿನ ಕಪಾಟಿನಲ್ಲಿರಲಿ. ಗುಡಿಸುತ್ತೇನೆ ಅಂದರೆ ದೊಡ್ಡ ಪೊರಕೆ ಕೊಡಬೇಡ. ಉದ್ದದ ಹಿಡಿ ಅವನ ಮುಖಕ್ಕೇ ಬಡಿಯುತ್ತದೆ, ಎರಡೇ ನಿಮಿಷಕ್ಕೆ ಆಟ ಮುಗಿಯುತ್ತದೆ. ಮೊಂಡಾದ ಹಳೆಯ ಪೊರಕೆಯ ಹಿಡಿ ಕತ್ತರಿಸಿ, ತುದಿಗೆ ಬಟ್ಟೆ ಸುತ್ತಿ ಕೊಡು. ಫ್ಯಾನು ಆರಿಸಿ, ಮೂಲೆಯಿಂದ ಬಾಗಿಲಿನ ಕಡೆಗೆ.

ನಿಮ್ಮ ಪುಣೆಯ ಮಳೆಗಾಲದಲ್ಲಿ ಬಟ್ಟೆ ಮಡಿಸುವ ಕೆಲಸಕ್ಕೆ ಇನ್ನೊಂದು ಪಾಠ ಸೇರಿಸು. ಮೇಲೆ ಒಣಗಿದ ಹಾಗೆ ಕಂಡರೂ ಸೊಂಟಪಟ್ಟಿ, ಜೇಬಿನ ಒಳಬದಿ, ಕಂಕುಳ ಹೊಲಿಗೆ ಕೊನೆಗೆ ಒಣಗುತ್ತವೆ. ಚಿನ್ನು ಆ ಮೂರು ಕಡೆ ಮುಟ್ಟಿ ನೋಡಿಯೇ ಮಡಿಸಲಿ. ಒಂದು ಹಸಿ ಪ್ಯಾಂಟು ಕಪಾಟಿಗೆ ಹೋದರೆ ಇಡೀ ಅಟ್ಟಿ ವಾಸನೆ.

ಕಸವನ್ನೂ ಅವರಿಗೆ ಹಂಚಬಹುದು. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯದೆ, ತುಂಡು ಅಂಟಿಕೊಂಡೇ ಇರುವಂತೆ ಕತ್ತರಿಸು. ಆ ಚೂರು ಬೇರೆಯಾದರೆ ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ. ಪ್ಯಾಕೆಟ್ ತೊಳೆದು ಒಣಹಾಕುವುದು ಪುಟ್ಟನಿಗೆ ಬಲು ಖುಷಿಯ ಕೆಲಸ, ನೀರಾಟ ತಾನೇ. ನಿಮ್ಮ ಕೋಥ್ರೂಡ್ ಕಡೆ ಮನೆಬಾಗಿಲಿಗೆ ಬರುವ 'ಸ್ವಚ್ಛ್' ಸಹಕಾರಿ ಸಂಘದವರು ಕಸವನ್ನು ಕೈಯಿಂದಲೇ ಬೇರ್ಪಡಿಸುತ್ತಾರೆ. ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಗುರುತು ಹಾಕಿ, ಕೈಗೇ ಕೊಡಬೇಕು ಅನ್ನುವುದನ್ನು ಚಿನ್ನು ಕಲಿಯಲಿ. ಕಸದ ಆಚೆ ಕಡೆ ಒಬ್ಬರು ಮನುಷ್ಯರಿದ್ದಾರೆ ಅಂತ ಅವಳಿಗೆ ಬೇರೆ ಹೇಳಿಕೊಡಬೇಕಾಗಿಲ್ಲ ಆಗ.

ಕೆಲವನ್ನು ಈಗ ಕೊಡಬೇಡ. ಚಿನ್ನು ಅಕ್ಕಿ ಅಳೆಯಲಿ, ತೊಳೆಯಲಿ: ಒಂದು ಲೋಟ ಸೋನಾಮಸೂರಿಗೆ ಎರಡೂವರೆ ಲೋಟ ನೀರು, ಅಗಲ ಪಾತ್ರೆಯಲ್ಲಿ ಮೂರು ಸಲ ತೊಳೆದು. ಕಿರಿದಾದ ಪಾತ್ರೆಯಾದರೆ ನೀರಿನ ಜೊತೆ ಅಕ್ಕಿಯೂ ಜಾರುತ್ತದೆ. ಆದರೆ ಕುಕ್ಕರಿನ ವೆಯ್ಟ್ ಎತ್ತುವುದು, ಒಗ್ಗರಣೆ, ಈಳಿಗೆಮಣೆ ಇನ್ನೂ ಬೇಡ. ಚಾಕು ಬಳಸಲು ಬಾಳೆಹಣ್ಣು, ಬೆಂದ ಆಲೂಗಡ್ಡೆಯಿಂದ ಶುರುಮಾಡಿಸು. ಬಚ್ಚಲು ತೊಳೆಯುವ ಆಸಿಡ್ ಮಕ್ಕಳ ಕೈಗೆ ಸಿಗಲೇಬಾರದು. ಅದಕ್ಕೆ ಬ್ಲೀಚಿಂಗ್ ಪೌಡರ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ.

ನಿಮ್ಮ ಮನೆಗೆಲಸದ ಮಾವಶಿಯ ಜೊತೆಗೂ ಮಾತಾಡು. ಪ್ರೀತಿಯಿಂದಲೇ ಆಕೆ ಚಿನ್ನುವಿನ ಡಬ್ಬಿ ಎತ್ತಿ ತೊಳೆದುಬಿಡುತ್ತಾಳೆ, ಮಕ್ಕಳಿಗೋ ತಿಂದ ತಟ್ಟೆ ತಾನೇ ನಡೆದು ಹೋಗುತ್ತದೆ ಅನ್ನಿಸುತ್ತದೆ. ಡಬ್ಬಿ, ಸಾಕ್ಸ್, ಲೋಟ ಮಕ್ಕಳದ್ದು ಅಂತ ಸ್ಪಷ್ಟವಾಗಿ ಹೇಳು. ಹಾಗಂತ ಸಂಬಳದಲ್ಲಿ ಒಂದು ಪೈಸೆ ಮುರಿಯಬೇಡ. ತಟ್ಟೆಯ ಎಂಜಲು ತೆಗೆದು, ನೀರು ಹಾಯಿಸಿ ಇಡುವುದು ಇಬ್ಬರು ಮಕ್ಕಳಿಗೂ ಕಡ್ಡಾಯ. ಒಣಗಿ ಹಿಡಿದ ಅಗುಳನ್ನು ಕೆರೆಯುವ ಪಾಡು ಇನ್ನೊಬ್ಬರಿಗೆ ಯಾಕೆ?

ಈಗ ನನಗೆ ನಿಜಕ್ಕೂ ಚಿಂತೆಯ ವಿಷಯ. ಅಕ್ಕ ಅನ್ನುವ ಕಾರಣಕ್ಕೆ ಎಲ್ಲವೂ ನಿಧಾನವಾಗಿ ಚಿನ್ನುವಿನ ತಲೆಗೆ ಬರುತ್ತದೆ, "ತಮ್ಮ ಸಣ್ಣವ" ಎಂಬ ಮಾತು ಅವನ ಮೀಸೆ ಬಂದರೂ ನಿಲ್ಲುವುದಿಲ್ಲ. 2019ರ ಕೇಂದ್ರ ಸರಕಾರದ ಸಮಯ ಬಳಕೆಯ ಸಮೀಕ್ಷೆ ನೋಡು: ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಟ್ಟರೆ, ಅದೇ ಕೆಲಸ ಮಾಡುವ ಗಂಡಸರು ಕೊಟ್ಟದ್ದು 97. ಏನೂ ಮಾಡದ ಗಂಡಸರು ಆ ಲೆಕ್ಕಕ್ಕೆ ಬಂದೇ ಇಲ್ಲ. ಅಂಥ ಮನೆಯಲ್ಲಿ ಹುಡುಗಿ ಕಲಿಯುವುದು ದುಡಿಮೆಯ ಸುಖವನ್ನಲ್ಲ. ಆದ್ದರಿಂದ ಪ್ರತಿ ವರ್ಷ ಶಾಲೆ ಶುರುವಾಗುವಾಗ ಕೆಲಸ ಬದಲಿಸು. ಪುಟ್ಟ ಒಂದನೇ ತರಗತಿಗೆ ಹೋದ ದಿನದಿಂದ ಅವನ ಡಬ್ಬಿ ಅವನದೇ. ಪರೀಕ್ಷೆ ಬಂತೆಂದು ಚಿನ್ನುವಿಗೆ ರಜೆ ಕೊಟ್ಟರೆ ಅವನಿಗೂ ಅದೇ ಕಾನೂನು. ನನ್ನನ್ನು ಕೇಳಿದರೆ, ಡಬ್ಬಿಗೆ ಪರೀಕ್ಷೆಯಲ್ಲೂ ರಜೆ ಬೇಡ, ಉಳಿದದ್ದಕ್ಕೆ ಇರಲಿ.

ಅಳಿಯಂದಿರಿಗೂ ದಿನಾ ಕಣ್ಣಿಗೆ ಬೀಳುವ ಒಂದು ಕೆಲಸ ಬೇಕು. ವಾರಕ್ಕೊಮ್ಮೆ ಬಿರಿಯಾನಿ ಮಾಡಿ ಅಡುಗೆಮನೆ ಹರಡುವುದು ಲೆಕ್ಕಕ್ಕಿಲ್ಲ. ರಾತ್ರಿ ಅಡುಗೆಕಟ್ಟೆ ಒರೆಸಿ, ಸಿಂಕಿನ ಜಾಲರಿ ಖಾಲಿ ಮಾಡಿ, ಒರೆಸಿದ ಬಟ್ಟೆ ಹಿಂಡಿ ಹರವುವುದು ಅವರಿಗಿರಲಿ. ಮಕ್ಕಳು ಮಲಗುವ ಮುಂಚೆ ಮಾಡಲು ಹೇಳು, ಆಮೇಲಲ್ಲ.

ನಿನ್ನ
ಅಮ್ಮ