ಕರದಂಟಿನ ಅಂಟು ಬದಲಾಗುತ್ತಿದೆ, ಬೆಲೆಯೂ ಸ್ವಲ್ಪ ಏರುತ್ತಿದೆ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಈ ದೀಪಾವಳಿಯಿಂದ ನಮ್ಮ ಕರದಂಟು ಮತ್ತು ಅಂಟಿನ ಉಂಡಿಗೆ ಸುಡಾನ್ ಅಂಟು ಹಾಕುವುದಿಲ್ಲ. ಅದರ ಬದಲು ರಾಜಸ್ಥಾನದ ಕುಮಟ ಎಂಬ ಮರದ ಅಂಟು. ಅರ್ಧ ಕಿಲೋ ಡಬ್ಬಿಗೆ 40 ರೂಪಾಯಿ ಜಾಸ್ತಿಯಾಗುತ್ತದೆ. ಬೆಲ್ಲ, ಕೊಬ್ಬರಿ, ಉತ್ತತ್ತಿ, ಗಸಗಸೆ, ತುಪ್ಪ ಎಲ್ಲ ಮೊದಲಿನ ಅಳತೆಯೇ.

"ಸುಡಾನ್ ಅಂಟಾ? ನಮ್ಮ ಹೊಲದ ಜಾಲಿ ಗಿಡದ್ದಲ್ವಾ?" ಎಂದು ಕೇಳುವವರು ಬಹಳ. ಜಾಲಿ ಅಂಟು ಮನೆಮಟ್ಟಿಗೆ ಚೆನ್ನಾಗಿದೆ. ಆದರೆ ನಮಗೆ ಬೇಕಾದಷ್ಟು, ಒಂದೇ ಬಣ್ಣದ್ದು, ಒಂದೇ ಗುಣದ್ದು ಸಿಗುವುದಿಲ್ಲ. ಹಾಗಾಗಿ ಮುಂಬೈ ವ್ಯಾಪಾರಿಗಳಿಂದ ಸುಡಾನ್ ಮಾಲು ತರಿಸುತ್ತಿದ್ದೆವು.

ಅದು ಹಶಾಬ್ ಎಂಬ ಮರದ ಅಂಟು. ಜಾಲಿಯ ಹತ್ತಿರದ ಸಂಬಂಧಿ. ಸಹಾರಾ ಮರಳುಗಾಡಿನ ದಕ್ಷಿಣಕ್ಕೆ, ವರ್ಷಕ್ಕೆ 300-400 ಮಿಲಿಮೀಟರ್ ಮಳೆ ಬಂದರೆ ಹೆಚ್ಚು ಎನ್ನುವ ಮರಳು ನೆಲದಲ್ಲಿ ಬೆಳೆಯುತ್ತದೆ. ಎತ್ತರ ಹೆಚ್ಚಿಲ್ಲ. ಗೆಣ್ಣಿಗೆ ಮೂರು ಮುಳ್ಳು, ನಡುವಿನದು ಕೊಕ್ಕೆಯಂತೆ ಕೆಳಕ್ಕೆ ಬಾಗಿರುತ್ತದೆ. ಸುಡಾನ್‌ನ ಕೊರ್ಡೊಫಾನ್ ಸೀಮೆಯ ರೈತರು ಇದನ್ನು ಕಾಡಿನಿಂದಷ್ಟೇ ಅಲ್ಲ, ಹೊಲದಿಂದಲೂ ತೆಗೆಯುತ್ತಾರೆ. ಕೆಲವು ವರ್ಷ ಸಜ್ಜೆ, ಎಳ್ಳು ಬೆಳೆಯುತ್ತಾರೆ. ನೆಲ ಸೋತಾಗ ಹಶಾಬ್ ಬೆಳೆಯಲು ಬಿಡುತ್ತಾರೆ. ಬೇರು ಮಣ್ಣಿಗೆ ಸಾರಜನಕ ಸೇರಿಸುತ್ತದೆ, ಮೇಲಿಂದ ಅಂಟಿನ ದುಡ್ಡು. ಜಾಣ ಬೇಸಾಯ.

ಮಳೆಗಾಲ ಮುಗಿದು ಎಲೆ ಉದುರಲು ಶುರುವಾದಾಗ, ಅಕ್ಟೋಬರ್ ನವೆಂಬರ್ ಹೊತ್ತಿಗೆ, ಉದ್ದ ಕೋಲಿನ ತುದಿಗೆ ಕಬ್ಬಿಣದ ಮೊನೆ ಇರುವ 'ಸೊಂಕಿ' ಎಂಬ ಸಾಧನದಿಂದ ಕೊಂಬೆಯ ತೊಗಟೆಯನ್ನು ಉದ್ದಕ್ಕೆ ಸೀಳಿ ಎಳೆಯುತ್ತಾರೆ. ಒಳಗಿನ ಕಟ್ಟಿಗೆಗೆ ಪೆಟ್ಟು ಬೀಳಬಾರದು. ಕೆಲವು ವಾರಗಳಲ್ಲಿ ಆ ಗಾಯದ ಮೇಲೆ ಅಂಟು ಉಂಡೆಗಟ್ಟಿ ಒಣಗುತ್ತದೆ. ಕೈಯಿಂದ ಬಿಡಿಸಿಕೊಂಡರೆ ಮತ್ತೆ ಒಸರುತ್ತದೆ. ಬೇಸಿಗೆಯವರೆಗೂ ಇದೇ ಕೆಲಸ. ಇಷ್ಟೆಲ್ಲ ಮಾಡಿದರೂ ಸಾಧಾರಣ ಮರ ವರ್ಷಕ್ಕೆ ಕೊಡುವುದು ಕಾಲು ಕಿಲೋ ಅಷ್ಟೇ.

ಜಗತ್ತಿನ ಈ ಅಂಟಿನಲ್ಲಿ 70ರಿಂದ 80 ಪ್ರತಿಶತ ಸುಡಾನ್‌ನದೇ. ಕೋಲಾದಂಥ ತಂಪು ಪಾನೀಯಕ್ಕೂ, ಚಾಕೊಲೇಟ್ ಗುಳಿಗೆಯ ಹೊಳಪಿಗೂ ಇದೇ ಬೇಕು. ಅಮೆರಿಕ 1997ರಲ್ಲಿ ಸುಡಾನ್ ಮೇಲೆ ನಿರ್ಬಂಧ ಹೇರಿದಾಗಲೂ ಅಂಟನ್ನು ಮಾತ್ರ ಹೊರಗಿಟ್ಟಿತು. ಅಷ್ಟು ದೊಡ್ಡವರ ಜೊತೆ ಮಾರುಕಟ್ಟೆಯಲ್ಲಿ ಪೈಪೋಟಿ ಮಾಡುವುದು ನಮ್ಮಂಥ ಮಹಿಳಾ ಸಂಘಕ್ಕೆ ಸುಮ್ನೆ ಮಾತಲ್ಲ.

2023ರ ಏಪ್ರಿಲ್ 15ರಂದು ಅಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ಅಂಟಿನ ದೊಡ್ಡ ಹರಾಜು ಪೇಟೆ ಇರುವ ಎಲ್ ಒಬೇದ್ ಊರಿಗೆ ಆರ್‌ಎಸ್‌ಎಫ್ ಹಾಕಿದ್ದ ಮುತ್ತಿಗೆ ಒಡೆದದ್ದು 2025ರ ಫೆಬ್ರವರಿಯಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಇನ್ನೊಂದು ಅಂಟಿನ ಪೇಟೆ ಎನ್ ನಹುದ್ ಆರ್‌ಎಸ್‌ಎಫ್ ವಶವಾಯಿತು. ಈಗ ಬಹಳಷ್ಟು ಮಾಲು ಪಕ್ಕದ ದೇಶಗಳ ಗಡಿ ದಾಟಿ, ಕಾಗದಪತ್ರವಿಲ್ಲದೆ ಹೊರಬರುತ್ತಿದೆ. ದಾರಿಯಲ್ಲಿ ಬಂದೂಕು ಹಿಡಿದವರಿಗೆ ಸುಂಕ ಕಟ್ಟಿಯೇ ಬರಬೇಕು. ನಮ್ಮ ಚೀಲದ್ದು ಯಾವ ದಾರಿಯದು ಎಂದು ಮಾರಿದವರೂ ಹೇಳಲಾರರು.

ಇನ್ನೊಂದು ತೊಂದರೆ ಬೆರಕೆ. ತಲ್ಹಾ ಎಂಬ ಬೇರೆ ಮರದ ಅಂಟೂ ಅಲ್ಲಿಂದಲೇ ಬರುತ್ತದೆ. ಅಗ್ಗ, ಬೇಗ ಪುಡಿಯಾಗುತ್ತದೆ, ಬಣ್ಣ ಕಂದು. ಇತ್ತೀಚಿನ ಚೀಲಗಳ ತಳದಲ್ಲಿ ಕಂದು ಪುಡಿ ಜಾಸ್ತಿ ಕಾಣತೊಡಗಿತು. ಒಳ್ಳೆ ಅಂಟನ್ನು ಹದವಾಗಿ ಕಾದ ತುಪ್ಪಕ್ಕೆ ಹಾಕಿದರೆ ಚಟಪಟ ಅರಳಿ ಬೆಳ್ಳಗೆ ಮೇಲೇಳಬೇಕು. ಹಾಗೆ ಅರಳಿದ್ದನ್ನು ಎರಡು ಬೆರಳ ನಡುವೆ ಹಿಚುಕಿದರೆ ಪುಡಿಯಾಗಬೇಕು. ನಡುವೆ ಹಸಿ ಗಂಟು ಉಳಿದರೆ ಹಲ್ಲಿಗೆ ಮೆತ್ತುತ್ತದೆ. ಬಾಣಂತಿಗೆಂದು ಒಯ್ಯುವ ಉಂಡಿಯಲ್ಲಿ ಅದು ನಡೆಯುವುದಿಲ್ಲ.

ಕುಮಟ ಬೇರೆ ಮರವಲ್ಲ, ಅದೇ ಹಶಾಬ್. ಜೋಧಪುರ, ಬಾಡಮೇರ್ ಕಡೆಯ ಒಣನೆಲದಲ್ಲೂ ತಾನಾಗಿ ಬೆಳೆಯುತ್ತದೆ. ಮರಕ್ಕೆ ಔಷಧಿ ಚುಚ್ಚಿ ಅಂಟು ಹೆಚ್ಚಿಸುವ ವಿಧಾನವನ್ನು ಜೋಧಪುರದ ಕಾಜ್ರಿ ಎಂಬ ಒಣಭೂಮಿ ಸಂಶೋಧನಾ ಸಂಸ್ಥೆ ರೈತರಿಗೆ ಕಲಿಸಿದೆ. ಆದರೂ ಸಿಗುವುದು ಕಡಿಮೆ, ರೇಟು ಜಾಸ್ತಿ. 40 ರೂಪಾಯಿ ಹೋಗುವುದು ಅಲ್ಲಿಗೇ. ಅಂಟು ಕಡಿಮೆ ಹಾಕಿ ಹಳೇ ಬೆಲೆಗೇ ಕೊಡಬಹುದಿತ್ತು. ಅಂಟೇ ಕಡಿಮೆ ಇರುವ ಕರದಂಟು ಬರೀ ಬೆಲ್ಲದ ಚಿಕ್ಕಿ. ಅದು ನಮಗೆ ಒಪ್ಪಿಗೆಯಾಗಲಿಲ್ಲ.

ಸುಡಾನ್ ಅಂಟು ಹಾಕಿ ಮಾಡಿದ ಹಳೇ ಡಬ್ಬಿಗಳು ಮುಗಿಯುವವರೆಗೆ ಹಳೇ ಬೆಲೆಗೇ ಸಿಗುತ್ತವೆ. ಹೊಸ ಡಬ್ಬಿಯ ಮೇಲೆ 'ಕುಮಟ ಅಂಟು' ಎಂದು ಅಚ್ಚು ಹಾಕಿಸಿದ್ದೇವೆ. ಬಾಣಂತನಕ್ಕೆ, ಸೀಮಂತಕ್ಕೆ ಉಂಡಿ ಬೇಕಾದವರು ಹದಿನೈದು ದಿನ ಮುಂಚೆ ತಿಳಿಸಿ. ಮುಂಗಡ ಕೊಟ್ಟವರಿಗೆ ಹಳೇ ದರವೇ.

ನಿಮ್ಮ ವಿಶ್ವಾಸಿಗಳು,
ಸಂಘದ ಎಲ್ಲ ಸದಸ್ಯೆಯರ ಪರವಾಗಿ