ಗದ್ದೆಯಲ್ಲಿ ಸಿಕ್ಕ ಮರಿಗೆ ತಾಯಿ ಇದೆ

ಮಾನ್ಯ ಸಂಪಾದಕರೇ,

ಮಂಡ್ಯ, ಮೈಸೂರು ಕಡೆ ಕಬ್ಬು ಕಡಿಯುವಾಗ ಚಿರತೆ ಮರಿ, ಕಾಡುಬೆಕ್ಕಿನ ಮರಿ ಸಿಗುವುದು ಹೊಸದೇನಲ್ಲ. ತಕ್ಷಣ ಎತ್ತಿಕೊಂಡು ಸೆಲ್ಫಿ. ‘ಪಾಪ, ತಾಯಿ ಬಿಟ್ಟು ಹೋಗಿದೆ’ ಅನ್ನುತ್ತಾರೆ. ಎಷ್ಟೋ ಸಲ ತಾಯಿ ಜನರ ಗದ್ದಲಕ್ಕೆ ಹೆದರಿ ಪಕ್ಕದ ಗದ್ದೆಯಲ್ಲೇ ಅಡಗಿರುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲೇ ಈ ತಪ್ಪು ಆಯಿತು. ಕೂಲಿಯವರು ತಂದುಕೊಟ್ಟ ಕಾಡುಬೆಕ್ಕಿನ ಮರಿ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಹಳೇ ಟವೆಲ್‌ನಲ್ಲಿ ಸುತ್ತಿ, ಕೂಸಿನ ಹಾಗೆ ಅಂಗಾತ ಮಲಗಿಸಿ, ಇಂಕ್ ಫಿಲ್ಲರ್‌ನಲ್ಲಿ ಹಸುವಿನ ಹಾಲು ಬಿಟ್ಟೆವು. ಮೂಗಿನಿಂದ ಹಾಲು ಗುಳ್ಳೆ ಗುಳ್ಳೆಯಾಗಿ ಬಂತು. ಮಾರನೇ ದಿನ ಭೇದಿ. ಮೂರನೇ ದಿನ ಮೈ ತಣ್ಣಗಾಗಿತ್ತು. ಅಂಗಾತ ಹಾಕಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ, ಹಸುವಿನ ಹಾಲು ಅದಕ್ಕೆ ಅರಗುವುದೂ ಇಲ್ಲ ಎಂದು ಪಶುವೈದ್ಯರು ಆಮೇಲೆ ಹೇಳಿದರು. ಪ್ರೀತಿಗೇನೂ ಕಮ್ಮಿ ಇರಲಿಲ್ಲ ಬಿಡಿ.

ಬದುಕಿದ್ದರೂ ಕಷ್ಟವೇ. ಜನರಿಗೆ ಒಗ್ಗಿದ ಚಿರತೆ ಮರಿಗೆ ಉಳಿದ ಆಯುಷ್ಯ ಬೋನಿನಲ್ಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ ಕೂಡ.

ಮರಿ ಕಂಡರೆ ಅಲ್ಲಿ ಕಟಾವು ನಿಲ್ಲಿಸಿ, ದೂರ ಸರಿದು, ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಸಿಬ್ಬಂದಿ ಮರಿಗಳನ್ನು ಬುಟ್ಟಿಯಲ್ಲಿಟ್ಟು ಸಿಕ್ಕ ಜಾಗದಲ್ಲೇ ಬಿಟ್ಟು ಕಾಯುತ್ತಾರೆ. ರಾತ್ರಿ ತಾಯಿ ಬಂದು ಒಂದೊಂದನ್ನೇ ಕಚ್ಚಿಕೊಂಡು ಹೋದ ಉದಾಹರಣೆ ಬೇಕಾದಷ್ಟಿವೆ. ನಾಲ್ಕು ಸಾಲು ಕಬ್ಬು ಒಂದು ದಿನ ತಡವಾದರೆ ಕಾರ್ಖಾನೆಯೇನೂ ನಿಲ್ಲುವುದಿಲ್ಲ, ಅಲ್ವಾ?

– ಒಬ್ಬ ರೈತ, ಮಂಡ್ಯ ಜಿಲ್ಲೆ